ಹಾಲಸ್ವಾಮಿಯವರ ಪೆಸಿಫಿಕ್ ಲಡಾಯಿ

ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದಲ್ಲಿರುವ ಹಾಲಸ್ವಾಮಿಯವರ ಲಾರಿ ಬುಕಿಂಗ್ ಆಫೀಸು ಎಂದರೆ ಒಂದು ತಗಡಿನ ಶೆಡ್ಡು, ಮುಂದೊಂದು ಬೇವಿನ ಮರ, ಒಳಗೊಂದು ಮೇಜು, ಮೂಲೆಯಲ್ಲಿ ಮೂಟೆ ತೂಗುವ ಕಾಟಾ. ಗೋಡೆಯ ಮೇಲೆ ಕೊಟ್ಟೂರು ಗುರುಬಸವೇಶ್ವರರ ಫೋಟೋ. ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ, ಪೆಸಿಫಿಕ್ ಸಾಗರದ ನಕಾಶೆ. ಬೆಳಿಗ್ಗೆ ಊದಿನಕಡ್ಡಿ ಹಚ್ಚಿ ದೇವರಿಗೆ ಬೆಳಗಿದ ಮೇಲೆ, ಉಳಿದ ಹೊಗೆಯನ್ನು ಅವರು ನಕಾಶೆಯ ಕಡೆಗೂ ಒಮ್ಮೆ ತಿರುಗಿಸುತ್ತಾರೆ. ಹೊಸದಾಗಿ ಬಂದ ಡ್ರೈವರ್ ಯಾರಾದರೂ, "ಇದು ಯಾವ ದೇವ್ರು ಸ್ವಾಮೇರ?" ಎಂದು ಕೇಳಿದರೆ ಮುಗಿಯಿತು.

"ದೇವ್ರಲ್ಲಪ್ಪ, ನೀರು. ಆ ನೀರು ದಾಟಿ ಊಟ ಮುಟ್ಟಿಸಿದವ ಗೆದ್ದ. ಕುಂದ್ರು, ಹೇಳ್ತೀನಿ."

ಕುಳಿತರೆ ಚಹಾ ಬರುತ್ತದೆ. ಲೋಡು ತಡವಾಗುತ್ತದೆ.

ಸೊಸೆಯಾಗಿ ಬಂದ ಹೊಸದರಲ್ಲಿ ಶಾಂಭವಿಗೆ ಇದು ಅರ್ಥವೇ ಆಗಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದ ಅವಳಿಗೆ ಎರಡನೇ ಮಹಾಯುದ್ಧವೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿ ಮರುದಿನ ಮರೆತ ಇಸವಿಗಳು. ಮಾವನಿಗಾದರೋ ಅದು ನಿನ್ನೆ ಮೊನ್ನೆ ನೆರೆಮನೆಯಲ್ಲಿ ನಡೆದ ಸಂಗತಿ. ಅಮೆರಿಕದ ದಂಡನಾಯಕರನ್ನೆಲ್ಲ "ಸಾಹೇಬ್ರು" ಎಂದೇ ಕರೆಯುತ್ತಾರೆ. ಐಸೆನ್‌ಹೋವರ್ ಸಾಹೇಬ್ರು, ನಿಮಿಟ್ಜ್ ಸಾಹೇಬ್ರು. ಮೊದಲ ವಾರ ಶಾಂಭವಿ ಇವರೆಲ್ಲ ಕೂಡ್ಲಿಗಿಯ ತಾಲ್ಲೂಕು ಕಚೇರಿಯವರೇ ಇರಬೇಕು ಎಂದುಕೊಂಡಿದ್ದಳು.

"ಹೆಣ್ಣು ಕೊಡುವಾಗ ನಮ್ಮಪ್ಪ ಲಾರಿ ಎಷ್ಟು ಅದಾವು ಅಂತ ಕೇಳ್ದ, ಹೊಲ ಎಷ್ಟೈತಿ ಅಂತ ಕೇಳ್ದ," ಎಂದು ಅತ್ತೆ ಪಂಪಮ್ಮ ನಗುತ್ತಾ ಹೇಳಿದ್ದರು. "ಲಡಾಯಿ ಐತೇನು ಅಂತ ಒಂದು ಮಾತು ಕೇಳ್ಲಿಲ್ಲ ನೋಡು."

ಲಡಾಯಿಯ ಬೀಜ ಬಿದ್ದದ್ದು ಕೊಟ್ಟೂರಿನಲ್ಲಿ. ಹಾಲಸ್ವಾಮಿಯವರ ತಂದೆ ಅಲ್ಲಿಯ ಮಂಡಿಗೆ ಶೇಂಗಾ, ಹುಣಸೆ ಸಾಗಿಸುವ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಎತ್ತಿಗೆ ಮೇವು, ತಮಗೆ ಬುತ್ತಿ ಕಟ್ಟಿಕೊಳ್ಳದೆ ಹೊಸ್ತಿಲು ದಾಟಿದವರಲ್ಲ. ಮಗ ಕಾಲೇಜಿನಲ್ಲಿ ಬಿ.ಎ. ಓದುವಾಗ ಇತಿಹಾಸದ ಪುಸ್ತಕದಲ್ಲಿ ಒಂದು ಸಾಲು ಕಂಡಿತು: ಅಮೆರಿಕದ ಸೇನೆ ಸಾಗರ ದಾಟಿ ಬಂದಿತು. ಗಾಡಿಯವರ ಮಗ ಎದ್ದು ನಿಂತು ಕೇಳಿದ, "ಸರ್, ಅಷ್ಟು ಮಂದಿಗೆ ಬುತ್ತಿ ಯಾರು ಒಯ್ದ್ರು?" ತರಗತಿ ನಕ್ಕಿತು, ಮೇಷ್ಟರೂ ನಕ್ಕರು. ಹಾಲಸ್ವಾಮಿ ಮಾತ್ರ ಆ ಪ್ರಶ್ನೆಯನ್ನು ಕೈಬಿಡಲಿಲ್ಲ. ಬಹಳ ವರ್ಷ ತಾವೇ ಲಾರಿ ಓಡಿಸಿದರು. ಚೌಡಣ್ಣ ಆಗ ಅವರ ಕ್ಲೀನರು, ಈಗ ಆಫೀಸಿನ ಬಲಗೈ. ಹೋದ ಊರಿನಲ್ಲೆಲ್ಲ ಹಳೆಯ ಪುಸ್ತಕದಂಗಡಿ ಹುಡುಕಿದರು. ಈಗ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾರೆ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತದೆ. ನಕಾಶೆಯ ಮೇಲೆ ಬಾಣಗಳು ಓಡುವಾಗ ನಿಲ್ಲಿಸಿ, ಕನ್ನಡಕ ಏರಿಸಿ, ಬಾಣ ಎಲ್ಲಿಂದ ಹೊರಟಿತು ಎಂದು ನೋಡುತ್ತಾರೆ.

ಅವರಿಗೆ ಟ್ಯಾಂಕು, ವಿಮಾನಗಳ ಮೇಲೆ ಅಂಥ ಮೋಹವೇನಿಲ್ಲ. ನಾರ್ಮಂಡಿಯ ದಡ ಹಿಡಿದ ಮೇಲೆ ಮುಂದೆ ಓಡಿದ ದಂಡಿಗೆ ಪೆಟ್ರೋಲು, ಗುಂಡು, ಊಟ ಸಾಗಿಸಿದ ಲಾರಿಗಳ ಸಾಲು ಒಂದಿತ್ತಂತೆ, ರೆಡ್ ಬಾಲ್ ಎಂದು ಹೆಸರು. ಹೋಗುವುದಕ್ಕೊಂದು ದಾರಿ, ಬರುವುದಕ್ಕೊಂದು ದಾರಿ, ಬೇರೆ ಗಾಡಿಗೆ ಪ್ರವೇಶವೇ ಇಲ್ಲ. ಆ ಡ್ರೈವರುಗಳಲ್ಲಿ ಬಹುಪಾಲು ಕಪ್ಪು ಜನ. ಅವರದೇ ಸೇನೆಯಲ್ಲಿ ಅವರನ್ನು ಬೇರೆ ಕೂರಿಸುತ್ತಿದ್ದ ಕಾಲ. "ಟ್ಯಾಂಕಿನ ಮುಂದ ನಿಂತು ಎಲ್ಲಾರೂ ಫೋಟೋ ತೆಗಿಸ್ಯಾರ. ಡ್ರೈವರಂದು ಯಾರು ತೆಗೀತಾರ?" ಎನ್ನುತ್ತಾರೆ ಹಾಲಸ್ವಾಮಿ. ಪ್ರತಿ ಆಗಸ್ಟಿನಲ್ಲಿ ಆ ಸಾಲು ಹೊರಟ ದಿನ ಆಫೀಸಿಗೆ ಬಂದ ಡ್ರೈವರುಗಳಿಗೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಯಾವ ಹಬ್ಬವೆಂದು ಅವರು ಕೇಳುವುದಿಲ್ಲ, ತಿಂದು ಹೋಗುತ್ತಾರೆ. ಜಪಾನಿನ ಮೇಲೆ ಬಿದ್ದ ಬಾಂಬಿನ ಸುದ್ದಿಗೆ ಮಾತ್ರ ಅವರು ಹೋಗುವುದಿಲ್ಲ. ಯಾರಾದರೂ ಕೆದಕಿದರೆ, "ಅದು ಬ್ಯಾಡ ಬಿಡು. ಕೂಸು ಕುನ್ನಿ ಸತ್ತದ್ದಕ್ಕ ಗೆದ್ದದ್ದು ಅನಬಾರ್ದು," ಎಂದು ಎದ್ದುಬಿಡುತ್ತಾರೆ.

ಶಾಂಭವಿಗೆ ಮಾವನ ಮೇಲೆ ಪ್ರೀತಿ ಹುಟ್ಟಿದ್ದು ಮಿಡ್ವೇ ಕತೆಯಿಂದ. ಬಸುರಿಯಾಗಿ, ವಾಂತಿಯಿಂದ ಹೈರಾಣಾಗಿ ಮಲಗಿದ್ದಾಗ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಹೇಳಿದ್ದರು.

"ಜಪಾನಿನವರು ಕಳಿಸೋ ಗುಟ್ಟಿನ ಸುದ್ದಿಯೊಳಗ 'ಎಎಫ್ ಮ್ಯಾಲೆ ಬೀಳ್ತೀವಿ' ಅಂತ ಐತಿ. ಎಎಫ್ ಅಂದ್ರ ಯಾವೂರು? ತಮ್ಮ ಮಿಡ್ವೇ ನಡುಗಡ್ಡಿ ಇರಬೌದು ಅಂತ ಅಮೆರಿಕದವರಿಗೆ ಗುಮಾನಿ. ಖಾತ್ರಿ ಹೆಂಗ? ಮಿಡ್ವೇದಾಗ ಕುಡಿಯೋ ನೀರಿನ ಯಂತ್ರ ಕೆಟ್ಟೈತಿ ಅಂತ, ಎಲ್ಲಾರಿಗೂ ಕೇಳ್ಸೋ ಹಂಗ, ಒಂದು ಸುಳ್ಳು ಸುದ್ದಿ ಬಿಟ್ರು. ಸ್ವಲ್ಪ ದಿನಕ್ಕ ವೈರಿ ಕಡಿಂದ ಗುಟ್ಟಿನ ಸುದ್ದಿ ಹೋತು, 'ಎಎಫ್‌ನಾಗ ನೀರಿಲ್ಲ' ಅಂತ. ಸಿಕ್ಕಿಬಿದ್ರು! ಇವರು ಮೊದ್ಲೇ ಹೋಗಿ ಕಾದು ಕುಂತು, ವಿಮಾನ ಹೊರೋ ನಾಕು ಹಡಗ ಮುಳುಗಿಸಿದ್ರು."

"ನಮ್ಮೂರಾಗೂ ನೀರಿಲ್ಲ ಅಂತ ದಿನಾ ಕೂಗ್ತೀವಿ," ಎಂದಿದ್ದರು ಪಂಪಮ್ಮ ಅಡುಗೆಮನೆಯಿಂದ. "ಯಾವ ಹಡಗ ಮುಳುಗ್ತಪ್ಪ?"

ಹಾಗೆ ನಗುತ್ತಾ ಹೆತ್ತ ಮಗಳಿಗೆ ಈಗ ಮೂರು ತುಂಬಿ ನಾಲ್ಕು ನಡೆಯುತ್ತಿದೆ. ಹೆಸರು ಗಂಗಾಂಬಿಕಾ, ಕರೆಯುವುದು ಗಂಗೂ. ಗಂಗೂ ಊಟ ಮಾಡುವುದಿಲ್ಲ.

ಮಕ್ಕಳು ಊಟಕ್ಕೆ ಹಟ ಮಾಡುತ್ತಾರೆ, ಅದು ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ಶಾಂಭವಿಗೆ ಎಲ್ಲರೂ ಹೇಳಿದರು. ಹೇಳುವವರ ಮಕ್ಕಳೆಲ್ಲ ದುಂಡಗಿದ್ದರು. ಅವಳ ಮೊಬೈಲಿನಲ್ಲಿ ಮಗುವಿನ ತೂಕದ ಗೆರೆಯೊಂದಿತ್ತು. ಇರಬೇಕಾದ ಗೆರೆಯ ಕೆಳಗೆ ಅದು ತೆವಳುತ್ತಿತ್ತು. ಗಂಡ ಗುರುಬಸವರಾಜ ಗಾಳಿಯಂತ್ರ ರಿಪೇರಿ ಮಾಡುವ ಕಂಪನಿಯವನು. ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಹಗಲೆಲ್ಲ ಕಂಬ ಹತ್ತಿ ಇಳಿದು, ಸಂಜೆ ಮನೆಗೆ ಬಂದು, "ತಿಂತಾಳ ಬಿಡು, ಹಸಿವಾದ್ರ," ಎಂದು ಮಲಗುವವನು. ಹಸಿವು ಆಗದಿದ್ದರೆ? ಕರುಳಿನಲ್ಲಿ ಏನಾದರೂ ಇದ್ದರೆ? ರಕ್ತ ಕಡಿಮೆ ಇದ್ದರೆ? ಶಾಂಭವಿ ತಟ್ಟೆ ಹಿಡಿದು ಮಗುವಿನ ಹಿಂದೆ ಪಡಸಾಲೆ, ಹಿತ್ತಲು, ಮಾಳಿಗೆ ಸುತ್ತುತ್ತಿದ್ದಳು. ಕಾಗೆ ತೋರಿಸಿದಳು, ಮೊಬೈಲು ತೋರಿಸಿದಳು. ಮಗು ಹಲ್ಲು ಕಚ್ಚಿಕೊಂಡರೆ ಮುಗಿಯಿತು, ಚಮಚ ತುಟಿಗೆ ಬಡಿದು ಅನ್ನ ಅಂಗಿಯ ಮೇಲೆ.

ಒಂದು ಮಧ್ಯಾಹ್ನ ಹಾಲಸ್ವಾಮಿ ಇದನ್ನೆಲ್ಲ ನೋಡುತ್ತಾ ನಿಂತಿದ್ದರು.

"ಶಾಂಭವಿ, ಇದು ಎದುರಿಗೇ ನುಗ್ಗೋ ಲಡಾಯಿ ಆತವ್ವ. ಟರಾವಾ ಅನ್ನೋ ನಡುಗಡ್ಡ್ಯಾಗ ಹಿಂಗ ನುಗ್ಗಿ ಬಾಳ ಮಂದಿ ಸತ್ರು. ನೀರಿನ ಏರಿಳಿತದ ಲೆಕ್ಕ ತಪ್ಪಿ ದೋಣಿ ನೀರಾಗಿನ ಬಂಡೆಗಲ್ಲಿಗೆ ಸಿಗಿಬಿದ್ವು."

"ಮಾವ, ಈಗ ಬೇಡ, ಪ್ಲೀಸ್."

"ಕೇಳು ಒಂಚೂರು. ರಬೌಲ್ ಅಂತ ಒಂದು ಕ್ವಾಟಿ. ಲಕ್ಷ ಮಂದಿ ಜಪಾನಿನ ಸಿಪಾಯಿಗಳು ಕುಂತಿದ್ರು. ಅಮೆರಿಕದವರು ಅದರ ಗೊಡವಿಗೇ ಹೋಗ್ಲಿಲ್ಲ. ಸುತ್ತಮುತ್ತ ಸಣ್ಣ ಸಣ್ಣ ನಡುಗಡ್ಡಿ ಹಿಡ್ಕಂತ ಮುಂದ ಹೋದ್ರು. ನಮ್ಮ ಉಚ್ಚಂಗಿದುರ್ಗ ನೋಡಿದಿ ಅಲ್ಲ? ಅದನ್ನ ಹತ್ತಿ ಹಿಡೀತೀನಿ ಅಂದ್ರ ಮಂದಿ ಉಳಿಯಂಗಿಲ್ಲ. ಕೆಳಗಿನ ದಾರಿ ಹಿಡಿ, ಸಂತಿ ಹಿಡಿ. ಮ್ಯಾಲೆ ಕುಂತವ ಏನ್ ತಿಂತಾನ?"

"ಮಾವ, ಇವಳು ಕೋಟೆ ಅಲ್ಲ. ನನ್ನ ಮಗು."

ಹಾಲಸ್ವಾಮಿ ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟರು. ಆದರೆ ಆ ಮುಖ ಸೋತವರ ಮುಖವಾಗಿರಲಿಲ್ಲ. ಶಾಂಭವಿ ಅದನ್ನು ಆಗಲೇ ಗಮನಿಸಬೇಕಿತ್ತು.

ಮರುದಿನ ಅವರು ಕೇಳಿದರು, ದಿನಾ ಒಂದೆರಡು ತಾಸು ಕೂಸನ್ನು ಆಫೀಸಿಗೆ ಕರೆದೊಯ್ಯಲೇ, ಲಾರಿ ನೋಡುತ್ತದೆ ಎಂದು. ಅದೇ ದಿನ, ಕಾಕತಾಳೀಯವೆಂಬಂತೆ, ಪಂಪಮ್ಮನಿಗೂ ಸೊಸೆಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಬೇಕೆನಿಸಿತು. ಶಾಂಭವಿ ಯೋಚಿಸಿ, ಟೋಪಿ, ನೀರಿನ ಬಾಟಲಿ, ಕೈ ಒರೆಸುವ ಬಟ್ಟೆ ಎಲ್ಲ ಚೀಲಕ್ಕೆ ತುಂಬಿ, ಕರಾರು ಹಾಕಿದಳು: ಹೆದ್ದಾರಿ ಕಡೆ ಬಿಡಬಾರದು, ಲಾರಿ ಹತ್ತಿಸಬಾರದು, ಹೊರಗಿನ ತಿಂಡಿ ಕೊಡಲೇಬಾರದು.

"ಹೊರಗಿಂದು ಒಂದು ಕಾಳು ಕೊಡಂಗಿಲ್ಲ. ಆಣಿ," ಎಂದರು ಹಾಲಸ್ವಾಮಿ. ಅವರು ಸುಳ್ಳು ಹೇಳಿರಲಿಲ್ಲ.

ರೊಟ್ಟಿ ಶಾಂಭವಿಯ ಕೈಗೆ ಬಗ್ಗಲಿಲ್ಲ. ಬಿಸಿನೀರಿನ ಹಿಟ್ಟು ನಾದಿ ಬಡಿಯಲು ಕೂತರೆ ಒಂದು ಕಡೆ ಬಾಲ ಬೆಳೆಯುತ್ತಿತ್ತು, ಇನ್ನೊಂದು ಕಡೆ ಸೀಳುತ್ತಿತ್ತು. ಹಂಚಿಗೆ ಹಾಕುವಾಗ ಎರಡಾಗುತ್ತಿತ್ತು. "ಇದನ್ನ ಯಾರು ತಿಂತಾರೆ ಅತ್ತೆ?" ಎಂದರೆ ಪಂಪಮ್ಮ, "ತಾ, ಆಫೀಸಿನ ಬುತ್ತಿಗೆ ನಡೀತತಿ. ಹಸಿದವರು ಆಕಾರ ನೋಡಂಗಿಲ್ಲ," ಎಂದು, ಮೇಲೆ ತಾವು ಬಡಿದ ದುಂಡನೆಯ ರೊಟ್ಟಿಯೊಂದನ್ನಿಟ್ಟು ಗಂಟು ಕಟ್ಟುತ್ತಿದ್ದರು. ಹನ್ನೊಂದರ ಹೊತ್ತಿಗೆ ಚೌಡಣ್ಣ ಬಂದು ಒಯ್ಯುತ್ತಿದ್ದ.

ಗಂಗೂ ಊಟದ ಹೊತ್ತಿಗೆ ಅಜ್ಜನ ಸ್ಕೂಟರಿನ ಮುಂದೆ ನಿಂತು ವಾಪಸು ಬರುತ್ತಿದ್ದಳು. ಮೊದಲಾದರೆ ಅತ್ತು ಕರೆದು ನಾಲ್ಕು ತುತ್ತು ಇಳಿಯುತ್ತಿತ್ತು. ಈಗ ಅದೂ ಇಲ್ಲ. ತಟ್ಟೆ ನೋಡಿದರೇ ತಲೆ ಅಲ್ಲಾಡಿಸಿ, ಗೊಂಬೆ ಹಿಡಿದು ಓಡುತ್ತಿದ್ದಳು. ವಾರಗಟ್ಟಲೆ ಹೀಗೇ ಆದಾಗ ಶಾಂಭವಿ ಹೆದರಿದಳು. ಆ ಭಯದಲ್ಲಿ ತೂಕ ನೋಡುವುದನ್ನೇ ಬಿಟ್ಟಳು. ಆ ಗೆರೆ ಇನ್ನೂ ಕೆಳಗೆ ಬಿದ್ದಿದ್ದರೆ ನೋಡುವ ಧೈರ್ಯ ಅವಳಿಗಿರಲಿಲ್ಲ. ದಾವಣಗೆರೆಯ ಮಕ್ಕಳ ತಜ್ಞರೊಬ್ಬರ ಹತ್ತಿರ ಸೋಮವಾರಕ್ಕೆ ಸಮಯ ತೆಗೆದುಕೊಂಡಳು. ಊಟವನ್ನೇ ಬಿಟ್ಟಿದ್ದಾಳೆ ಎಂದದ್ದಕ್ಕೆ, ರಕ್ತ ತೆಗೆಯಬೇಕಾದೀತು, ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಎಂದರು. ಹಿಂದೊಮ್ಮೆ ಸೂಜಿ ಚುಚ್ಚಿದಾಗ ಮಗು ಉಸಿರು ಕಟ್ಟಿ ತುಟಿ ನೀಲಿ ಮಾಡಿಕೊಂಡದ್ದು ಶಾಂಭವಿಯ ಕಣ್ಣಮುಂದೆ ಬಂತು.

ಚಹಾದ ಹೊತ್ತಿನಲ್ಲಿ ಅವಳು ವಿಷಯ ಹೇಳಿದಾಗ ಹಾಲಸ್ವಾಮಿಯವರ ಬಟ್ಟಲು ತುಟಿಯ ಹತ್ತಿರವೇ ನಿಂತಿತು.

"ಸೂಜಿ ಯಾಕವ್ವ? ಕೂಸು... ಚಲೋ ಅದಾಳಲ್ಲ."

"ಏನು ಚೆನ್ನಾಗಿದ್ದಾಳೆ ಮಾವ? ಮಧ್ಯಾಹ್ನ ಒಂದು ಅಗುಳು ಮುಟ್ಟಲ್ಲ."

ಹಾಲಸ್ವಾಮಿ ಪಂಪಮ್ಮನ ಕಡೆ ನೋಡಿದರು. ಪಂಪಮ್ಮ ಖಾಲಿ ಪಾತ್ರೆಯೊಳಗೆ ಏನನ್ನೋ ಹುಡುಕತೊಡಗಿದರು. ಶಾಂಭವಿಗೆ ತಟ್ಟನೆ ಮಗುವಿನ ಲಂಗದ ಅಂಚಿನಲ್ಲಿ ನಿನ್ನೆ ಬಂದ ಶೇಂಗಾ ಚಟ್ನಿಯ ವಾಸನೆ ನೆನಪಾಯಿತು.

ನೇರವಾಗಿ ಕೇಳಿದರೆ ಇಬ್ಬರೂ ಹೇಳುವವರಲ್ಲ. ಆಗ ಅವಳಿಗೆ ಹೊಳೆದದ್ದು ಮಾವನೇ ಹೇಳಿಕೊಟ್ಟ ಉಪಾಯ. ಮರುದಿನ ಎಲ್ಲರಿಗಿಂತ ಮೊದಲೆದ್ದು ಬೆಲ್ಲದ ಡಬ್ಬಿಯನ್ನು ತನ್ನ ಸೀರೆಗಳ ನಡುವೆ ಮುಚ್ಚಿಟ್ಟಳು. ಹಾಲಸ್ವಾಮಿ ಲಿಂಗಪೂಜೆ ಮುಗಿಸಿ ಹೊರಬಂದಾಗ ಅವರಿಗೆ ಕೇಳುವಂತೆ ಗೊಣಗಿದಳು: "ರಾತ್ರಿಯಿಂದ ಗಂಗೂ ಬೆಲ್ಲ ಬೆಲ್ಲ ಅಂತಿದಾಳೆ. ಬೆಲ್ಲದ ಹೆಸರಲ್ಲಾದರೂ ಏನಾದರೂ ತಿಂತಾಳೇನೋ ಅಂದ್ರೆ ಮನೇಲಿ ಒಂದು ಚೂರೂ ಇಲ್ಲ."

"ಮೊನ್ನಿ ತಂದಿದ್ದೆಲ್ಲ ಏನಾತು?" ಎಂದು ಪಂಪಮ್ಮ ಡಬ್ಬಿ ಡಬ್ಬಿ ತೆಗೆದು ನೋಡಿದರು. ಪಾಪ ಎನಿಸಿತು, ಆದರೂ ಶಾಂಭವಿ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಗಂಗೂ ಬಂದಳು. ಎಂದಿನಂತೆ ತಟ್ಟೆಗೆ ತಲೆ ಅಲ್ಲಾಡಿಸಿದಳು. ಗಲ್ಲದ ಮೇಲೆ ಅಂಟಂಟಾಗಿ ಬೆಲ್ಲ.

ಎಎಫ್‌ನಾಗ ನೀರಿಲ್ಲ. ಸಿಕ್ಕಿಬಿದ್ರು.

ಮರುದಿನ ಬುತ್ತಿ ಹೋದ ಹಿಂದೆಯೇ ಶಾಂಭವಿ ಒಲೆ ಆರಿಸಿ ಹೊರಟಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಪಂಪಮ್ಮ, "ಎಲ್ಲಿಗ್ಯೇ? ಇನ್ನೂ ಹಿಟ್ಟೈತಿ!" ಎಂದು ಕೂಗುತ್ತಿದ್ದರು. ಶೆಡ್ಡಿನ ಪಕ್ಕದಲ್ಲಿ ಮೆಕ್ಕೆಜೋಳದ ಮೂಟೆಗಳ ಅಟ್ಟಿ ಇತ್ತು. ಅದರ ಮರೆಯಲ್ಲಿ ನಿಂತು ನೋಡಿದಳು.

ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ, ಬಿಳಿ ಬಟ್ಟೆ ಹಾಸಿದ್ದರು. ಬಟ್ಟೆಯ ಮೇಲೆ ಅವಳ ರೊಟ್ಟಿಗಳು. ಬಾಲ ಬೆಳೆದದ್ದು, ಸೀಳಿದ್ದು, ಎರಡಾದದ್ದು, ಎಲ್ಲವೂ ಗೋಡೆಯ ನಕಾಶೆ ನೋಡಿ ಜೋಡಿಸಿದ ನಡುಗಡ್ಡೆಗಳಂತೆ ಅಲ್ಲಲ್ಲಿ. ಪಂಪಮ್ಮನ ದುಂಡು ರೊಟ್ಟಿ ಕೆಳಗಿನ ಮೂಲೆಯಲ್ಲಿ ಒಂದೇ. ನಡುವೆ ಶೇಂಗಾ ಕಾಯಿಗಳು ಹಡಗಾಗಿ ನಿಂತಿದ್ದವು. ಒಂದು ಬಟ್ಟಲು ಮೊಸರು, ಒಂದಿಷ್ಟು ಚಟ್ನಿ. ಬುತ್ತಿ ಬಿಚ್ಚಿದವರು ಸುತ್ತಲಿದ್ದವರನ್ನೆಲ್ಲ "ಬರ್ರಿ, ಊಟ ಮಾಡ್ರಿ" ಎಂದು ಕರೆಯದೆ ತಿನ್ನುವುದು ಅಲ್ಲಿ ಇಲ್ಲ. ಡ್ರೈವರುಗಳು, ಹಮಾಲರು, ಚೌಡಣ್ಣ, ಎಲ್ಲರೂ ತಮ್ಮ ತಮ್ಮ ಗಂಟಿನಿಂದ ಒಂದಿಷ್ಟು ನಡುವಿಗಿಟ್ಟು, ಹೆದ್ದಾರಿ ಕಡೆ ಮುಖ ಮಾಡಿ, ಮಾತಾಡುತ್ತಾ ತಿನ್ನುತ್ತಿದ್ದರು. ಮಗುವಿನ ಬಾಯಿಯನ್ನು ಒಬ್ಬರೂ ನೋಡುತ್ತಿರಲಿಲ್ಲ.

"ಅಜ್ಜ, ಸೈಪಾನ್ ನಂದು," ಎಂದಳು ಗಂಗೂ.

"ಹಡಗ ಮುಂದ ಬಿಡು. ಹಡಗ ಮುಟ್ಟದ ನಡುಗಡ್ಡಿ ಹಿಡಿಯಂಗಿಲ್ಲ."

ಮಗು ಶೇಂಗಾ ಹಡಗನ್ನು ಸರಿಸಿ, ಅದನ್ನು ಸುಲಿದು ಬಾಯಿಗೆ ಹಾಕಿಕೊಂಡು, ಸೈಪಾನನ್ನು ಎತ್ತಿ ಮೊಸರಿಗದ್ದಿ ಕಚ್ಚಿದಳು. ಕರುಂ ಕುರುಂ.

"ಆ ದೊಡ್ಡದು, ಅಜ್ಜ?"

"ಅದು ರಬೌಲು. ಅದರ ಸುದ್ದಿಗೆ ನಾವು ಹೋಗಂಗಿಲ್ಲ. ಲೇ ಚೌಡಾ, ರಬೌಲು ನಿನಗ."

ಶಾಂಭವಿಗೆ ಮೊದಲು ಬಂದದ್ದು ಸಿಟ್ಟೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಮೂಟೆಯ ಮರೆಯಿಂದ ಈಚೆ ಬಂದು, "ಮಾವ," ಎಂದಳು.

ಎಲ್ಲರ ಕೈಗಳೂ ನಿಂತವು. ಗಂಗೂ ತಿರುಗಿ ನೋಡಿದಳು. ಅಮ್ಮನನ್ನು ಕಂಡದ್ದೇ, ಬಾಯಲ್ಲಿದ್ದ ರೊಟ್ಟಿಯ ಮೇಲೆಯೇ ಅಂಗೈ ಒತ್ತಿ ಬಾಯಿ ಮುಚ್ಚಿಕೊಂಡಳು.

ಯಾರು ಏನು ಹೇಳಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಶಾಂಭವಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಾನು ದಾವಣಗೆರೆಗೆ ಹೊರಟಿದ್ದೆ ಮಾವ. ಅವಳಿಗೆ ಸೂಜಿ ಚುಚ್ಚಿಸೋಕೆ. ಹೊಟ್ಟೆ ತುಂಬಿರೋ ಮಗೂಗೆ. ನೀವು ನೋಡ್ತಾ ಇದ್ರಿ."

ಹಾಲಸ್ವಾಮಿ ತಲೆ ತಗ್ಗಿಸಿದರು.

"ನಿಮ್ಮ ಈ ನಕಾಶೆಯಲ್ಲಿ ನಾನೆಲ್ಲಿದ್ದೀನಿ?"

ಚೌಡಣ್ಣ ಕೈಯಲ್ಲಿದ್ದ ದುಂಡು ರೊಟ್ಟಿಯನ್ನು ನೋಡಿದ, ಅವಳನ್ನು ನೋಡಿದ, ಬಾಯಿ ತಡೆಯಲಾಗಲಿಲ್ಲ. "ನೀವು... ರಬೌಲ್ರಿ ಅಕ್ಕಾರ."

"ಲೇ!" ಎಂದರು ಹಾಲಸ್ವಾಮಿ. ಹಮಾಲನೊಬ್ಬ ನಗು ತಡೆಯಲು ಹೋಗಿ ಕೆಮ್ಮಿದ.

"ನಾನು ಶತ್ರುನಾ ಮಾವ?"

"ಅಲ್ಲ ನಮ್ಮವ್ವ, ಅಲ್ಲ." ಹಾಲಸ್ವಾಮಿ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. "ಐಸೆನ್‌ಹೋವರ್ ಸಾಹೇಬ್ರು ನಾರ್ಮಂಡಿಗೆ ಇಳಿಯೋ ಮೊದ್ಲು, ರಬ್ಬರಿನ ಟ್ಯಾಂಕು ಊದಿಸಿ ನಿಲ್ಸಿ, ವೈರಿನ್ನ ಬ್ಯಾರೆ ದಡ ಕಾಯಂಗ ಮಾಡಿದ್ರು. ನಾನೂ ರೊಟ್ಟಿ ನೆವ ಮಾಡಿ ನಿನ್ನ ಒಲಿ ಮುಂದ ಕುಂದ್ರಿಸಿದೆ. ಅವರು ಕುಂದ್ರಿಸಿದ್ದು ವೈರಿನ್ನ. ನಾನು ನಮ್ಮ ದಂಡಿನ ಸೇನಾಪತಿನ್ನೇ ಕುಂದ್ರಿಸಿಬಿಟ್ಟೆ. ಇಷ್ಟು ವರ್ಷ ಓದಿ ಇದೊಂದು ತಿಳೀಲಿಲ್ಲ ನೋಡು ನನಗ."

"ಹೇಳಬಹುದಿತ್ತು."

"ಹೇಳಿದ್ರ ನೀನು ಚಮಚ ತಗಂಡು ಇಲ್ಲಿಗೇ ಬರ್ತಿದ್ದಿ."

ಇಲ್ಲ ಎನ್ನಲು ಶಾಂಭವಿ ಬಾಯಿ ತೆರೆದಳು. ಆದರೆ ಅದು ನಿಜವಾಗಿತ್ತು. ಬರುತ್ತಿದ್ದಳು, ಚಮಚ, ಕೈವಸ್ತ್ರ, ಮೊಬೈಲು, ಎಲ್ಲ ಹಿಡಿದು ಬರುತ್ತಿದ್ದಳು.

ಚೌಡಣ್ಣ ಮೆಲ್ಲಗೆ ಗಂಗೂವನ್ನು ಎತ್ತಿ ಶೆಡ್ಡಿನೊಳಗೆ ಒಯ್ದು, ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿದ. "ನೋಡ್ರಿ ಅಕ್ಕಾರ, ನೀವೇ ನೋಡ್ರಿ." ಶಾಂಭವಿ ಮೊಬೈಲು ತೆಗೆದು, ಬಹಳ ದಿನದಿಂದ ತೆರೆಯದ ಆ ಗೆರೆಯನ್ನು ತೆರೆದಳು. ಹೊಸ ಅಂಕಿ ಒತ್ತಿದಳು. ಮೂಟೆಯ ಕಾಟಾ, ನೂರಿನ್ನೂರು ಗ್ರಾಂ ಹೆಚ್ಚುಕಡಿಮೆ ಇರಬಹುದು ಎಂದು ತನಗೆ ತಾನೇ ಎಚ್ಚರಿಕೆ ಹೇಳಿಕೊಂಡಳು. ಆದರೂ ಗೆರೆ ಮೇಲಕ್ಕೆ ತಿರುಗಿತ್ತು. ಇರಬೇಕಾದ ಗೆರೆಯನ್ನು ಮುಟ್ಟಿರಲಿಲ್ಲ, ಮುಟ್ಟಲು ಹೊರಟಿತ್ತು.

ಗಂಗೂ ಇನ್ನೂ ಬಾಯಿ ಮುಚ್ಚಿಕೊಂಡೇ ಇದ್ದಳು.

ಶಾಂಭವಿ ಅವಳನ್ನು ಇಳಿಸಿ ಬಟ್ಟೆಯ ಹತ್ತಿರ ಬಿಟ್ಟು, ತಾನು ಒಂದು ಮೂಟೆಯ ಮೇಲೆ ಕುಳಿತಳು. ಎಲ್ಲರ ಹಾಗೆ, ಹೆದ್ದಾರಿಗೆ ಮುಖ ಮಾಡಿ. ಅದು ಅವಳು ಮಾಡಿದ ಕೆಲಸಗಳಲ್ಲೆಲ್ಲ ಕಷ್ಟದ್ದು. ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗಲು ಎಳೆಯುತ್ತಿತ್ತು. ಗಂಟಲಿಗೆ ಸಿಕ್ಕಿಕೊಂಡರೆ? ಚಟ್ನಿ ಖಾರವಾದರೆ? ಈರುಳ್ಳಿ ಲಾರಿಯೊಂದು ಹೋಯಿತು, ಒಂದು ಬಸ್ಸು ಹೋಯಿತು. ಹಮಾಲರು ತಮ್ಮ ಮಾತಿಗೆ ಮರಳಿದರು. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ಕರುಂ ಎಂಬ ಸದ್ದು. ಮತ್ತೆ ಇನ್ನೊಂದು.

ಆಮೇಲೆ ಅವಳ ಅಂಗೈಗೆ ಏನೋ ಒದ್ದೆಯಾದದ್ದು ಬಂತು.

"ಅಮ್ಮಾ, ಇದು ಗುವಾಮ್. ತಿನ್ನು."

ಶಾಂಭವಿ ತಿರುಗಿ ನೋಡದೆ ತಿಂದಳು. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು, ಅವಳದೇ ಕೈ.

ಸೋಮವಾರದ ಭೇಟಿಯನ್ನು ಅವಳು ಪೂರ್ತಿ ರದ್ದು ಮಾಡಲಿಲ್ಲ. ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಫೋನು ಮಾಡಿ, ಮಗು ಊಟ ಮಾಡುತ್ತಿದೆ ಎಂದು ತಿಳಿಸಿ ವಿಚಾರಿಸಿದಳು. ಹಾಗಾದರೆ ತೂಕ ನೋಡಿದರೆ ಸಾಕು, ರಕ್ತ ಬೇಡ ಎಂದರು. ಹೋಗಿ ಬಂದರು. ಹೋಗುವ ಮುಂಚೆ, ಬೆಲ್ಲದ ಡಬ್ಬಿಯನ್ನು ಸೀರೆಗಳ ನಡುವಿನಿಂದ ತೆಗೆದು ಅತ್ತೆಯ ಮುಂದಿಟ್ಟಾಗ ಹಾಲಸ್ವಾಮಿ ಒಂದು ಕ್ಷಣ ಮಿಕಮಿಕ ನೋಡಿದರು. ಆಮೇಲೆ ವಿಷಯ ತಿಳಿದು, ತೊಡೆ ತಟ್ಟಿ ನಕ್ಕದ್ದು ಬೀದಿಗೆ ಕೇಳಿಸಿತು. "ಮಿಡ್ವೇ! ನಮ್ಮ ಮನ್ಯಾಗ ಮಿಡ್ವೇ ಮಾಡ್ಯಾಳ ನೋಡೇ ಪಂಪಾ, ನನ್ನ ಮ್ಯಾಲೇ!" ಅಂದು ಆಫೀಸಿಗೆ ಬಂದ ಡ್ರೈವರುಗಳಿಗೆಲ್ಲ ಮಿರ್ಚಿ ಸಿಕ್ಕಿತು, ಆಗಸ್ಟ್ ಇನ್ನೂ ದೂರವಿದ್ದರೂ.

ಈಗ ಶಾಂಭವಿಯೂ ಕೆಲವು ದಿನ ಬುತ್ತಿಯ ಜೊತೆ ಹೋಗಿ ಹೆದ್ದಾರಿ ನೋಡುತ್ತಾ ಕೂರುತ್ತಾಳೆ. ಮೊನ್ನೆ ಬೆಳಿಗ್ಗೆ ಮೊದಲ ಸಲ ಅವಳ ಕೈಯಲ್ಲಿ ಒಂದು ರೊಟ್ಟಿ ಸೀಳದೆ, ಬಾಲವಿಲ್ಲದೆ, ದುಂಡಗೆ ಬಂತು. ಹಂಚಿನ ಮೇಲೆ ಉಬ್ಬಿತು. ಪಂಪಮ್ಮ, "ಬರ್ರಿಲ್ಲಿ, ನಿಮ್ಮ ಸೊಸಿ ಗೆದ್ದಾಳ!" ಎಂದು ಕೂಗಿದರು. ಹಾಲಸ್ವಾಮಿ ಬಂದರು, ನೋಡಿದರು, ಹೊಗಳಲು ಬಾಯಿ ತೆರೆದರು, ಆದರೆ ಮುಖ ಸಣ್ಣದಾಯಿತು.

"ಚಲೋ ಆಗೈತವ್ವ. ಬಾಳ ಚಲೋ ಆಗೈತಿ. ಆದ್ರ ಹಿಂಗ ಎಲ್ಲಾ ದುಂಡಗಾದ್ರ ನಮಗ ನಡುಗಡ್ಡಿ ಎಲ್ಲಿಂದ ಬರಬೇಕು?"

ಶಾಂಭವಿ ಮುಂದಿನ ಉಂಡೆಯನ್ನು ಬಡಿದಳು. ಅದೂ ದುಂಡಗೇ ಬರತೊಡಗಿತ್ತು. ಒಂದು ಕ್ಷಣ ಕೈ ನಿಲ್ಲಿಸಿ ನೋಡಿ, ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಓರೆಯಾಗಿ ಎಳೆದಳು.

"ಇದು ಓಕಿನಾವಾ ಆಗುತ್ತಾ ಮಾವ?"

ಹಾಲಸ್ವಾಮಿ ಕನ್ನಡಕ ಏರಿಸಿ, ತಲೆ ವಾಲಿಸಿ ನೋಡಿದರು.

"ಇನ್ನೊಂಚೂರು ಉದ್ದ ಎಳಿ."